ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು, ಏಕೆ?

ಸಂಪಾದಕರಿಗೆ,

ಮಾನ್ಯರೇ,

ಊರಿನ ವಾರ್ಷಿಕ ಆಯವ್ಯಯ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ಬರುವ ವರದಿಗಳು ಸಾಮಾನ್ಯವಾಗಿ ಎರಡು ಅಂಕಿಗಳ ಸುತ್ತಲೇ ಇರುತ್ತವೆ: ಒಟ್ಟು ಗಾತ್ರ ಎಷ್ಟು, ಕೊನೆಗೆ ಉಳಿತಾಯವೋ ಕೊರತೆಯೋ. ಆದರೆ ಆಯವ್ಯಯ ನಿಜವಾಗಿ ತೀರ್ಮಾನವಾಗುವುದು ಮಂಡನೆಯ ದಿನವಲ್ಲ. ಅದಕ್ಕೂ ಕೆಲವು ತಿಂಗಳು ಮೊದಲು, ನೀರು ಸರಬರಾಜು, ನೈರ್ಮಲ್ಯ, ರಸ್ತೆ, ಬೀದಿದೀಪ, ಉದ್ಯಾನ, ಗ್ರಂಥಾಲಯ ಹೀಗೆ ಒಂದೊಂದು ಇಲಾಖೆಯೂ ತನ್ನ ಬೇಡಿಕೆ ಪಟ್ಟಿಯನ್ನು ಹಿಡಿದು ಹಣಕಾಸು ಸಮಿತಿಯ ಮುಂದೆ ಕೂರುವ ದಿನಗಳಲ್ಲಿ ಅದು ತೀರ್ಮಾನವಾಗುತ್ತದೆ. ಬಹಳ ವರ್ಷ ಲೆಕ್ಕಪತ್ರ ಶಾಖೆಯಲ್ಲಿ ದುಡಿದು, ಅಂಥ ಸಭೆಗಳಲ್ಲಿ ಕಡತ ಹಿಡಿದು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡವನು ನಾನು. ಆ ಪರಿಶೀಲನೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಅದನ್ನು ಸರಿಪಡಿಸಲು ತೀರ ದೊಡ್ಡ ಸುಧಾರಣೆಯೇನೂ ಬೇಕಿಲ್ಲ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಇಲಾಖೆಯಿಂದ ಬರುವ ಬೇಡಿಕೆ ಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಣಗಳಿರುತ್ತವೆ. ಹಿಂದಿನ ವರ್ಷ ವಾಸ್ತವವಾಗಿ ಖರ್ಚಾದದ್ದು ಒಂದರಲ್ಲಿ, ಪ್ರಸಕ್ತ ವರ್ಷದ ಅಂದಾಜು ಇನ್ನೊಂದರಲ್ಲಿ, ಅದೇ ವರ್ಷದ ಪರಿಷ್ಕೃತ ಅಂದಾಜು ಮೂರನೆಯದರಲ್ಲಿ, ಮುಂದಿನ ವರ್ಷಕ್ಕೆ ಕೇಳುತ್ತಿರುವ ಮೊತ್ತ ಕೊನೆಯದರಲ್ಲಿ. ಸಮಿತಿಯ ಸದಸ್ಯರ ಕಣ್ಣು ಮೊದಲು ಹೋಗುವುದು ಕೊನೆಯ ಅಂಕಣಕ್ಕೆ. ಅಲ್ಲಿಂದ ಎರಡನೆಯದಕ್ಕೆ ಹಾರಿ, ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕುತ್ತದೆ. 'ಈ ವರ್ಷ 100 ಇದೆ, ಮುಂದಿನ ವರ್ಷಕ್ಕೆ 112 ಕೇಳಿದ್ದೀರಿ, ಈ 12 ಯಾಕೆ?' ಎಂಬಲ್ಲಿಗೆ ಪ್ರಶ್ನೆ ಮುಗಿಯುತ್ತದೆ. ಆ 100 ಯಾಕೆ ಎಂದು ಯಾರೂ ಕೇಳುವುದಿಲ್ಲ. ಆ 100ರಲ್ಲಿ ನಿಜವಾಗಿ ಖರ್ಚಾಗುವುದು 83 ಮಾತ್ರ ಎಂಬುದು ಅದೇ ಹಾಳೆಯ ಮೂರನೆಯ ಅಂಕಣದಲ್ಲೇ ಕಾಣಿಸುತ್ತಿದ್ದರೂ ಅದರ ಮೇಲೆ ಬೆರಳಿಡುವವರು ಕಡಿಮೆ. ಒಮ್ಮೆ ಹೇಗೋ ಒಳಗೆ ಸೇರಿಕೊಂಡ ಖರ್ಚು ಮರುವರ್ಷ ಅಡಿಪಾಯದ ಕಲ್ಲಾಗುತ್ತದೆ. ಮೂರನೆಯ ವರ್ಷ ಅದನ್ನು ಅಲುಗಾಡಿಸಲು ಯಾರಿಗೂ ಧೈರ್ಯ ಇರುವುದಿಲ್ಲ.

ವ್ಯತ್ಯಾಸವನ್ನು ಮಾತ್ರ ನೋಡುವ ಈ ಅಭ್ಯಾಸಕ್ಕಿಂತ ಹೆಚ್ಚು ಹಾನಿ ಮಾಡುವುದು ಇನ್ನೊಂದಿದೆ. ಎಲ್ಲ ಇಲಾಖೆಗಳ ಬೇಡಿಕೆಯನ್ನೂ ಕೂಡಿಸಿದಾಗ ಮೊತ್ತ ನಿರೀಕ್ಷಿತ ಆದಾಯವನ್ನು ಮೀರುತ್ತದೆ. ಅದು ಪ್ರತಿ ವರ್ಷದ ಸಂಗತಿ, ಅದರಲ್ಲಿ ತಪ್ಪೇನೂ ಇಲ್ಲ. ಆಗ ರಾತ್ರಿಯಾಗುತ್ತಿರುವ ಸಭೆಯಲ್ಲಿ ಯಾರೋ ಒಬ್ಬರು 'ಎಲ್ಲರಿಗೂ ಶೇ 10 ಕಡಿಮೆ ಮಾಡಿಬಿಡೋಣ' ಎನ್ನುತ್ತಾರೆ. ಯಾರಿಗೂ ಬೇಸರವಾಗದ, ಯಾರನ್ನೂ ಎದುರು ಹಾಕಿಕೊಳ್ಳಬೇಕಿಲ್ಲದ ಈ ಸಲಹೆಗೆ ಎಲ್ಲರೂ ತಲೆದೂಗುತ್ತಾರೆ. ನೋಡಲು ಇದು ಸಮಾನ ನ್ಯಾಯ. ಆದರೆ ನಿಜದಲ್ಲಿ, ಪರಿಶೀಲಿಸಬೇಕಾದವರು ಪರಿಶೀಲನೆಯನ್ನೇ ಕೈಬಿಟ್ಟರು ಎಂದು ಇದರ ಅರ್ಥ.

ಇದರ ಫಲ ಏನೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀರು ಸರಬರಾಜು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಒಬ್ಬರು ಒಂದು ವರ್ಷ ತಮ್ಮ ಬೇಡಿಕೆಯನ್ನು ಬಹಳ ಶ್ರದ್ಧೆಯಿಂದ ಸಿದ್ಧಪಡಿಸಿದ್ದರು. ಯಾವ ಪಂಪಿನ ಯಾವ ಬೇರಿಂಗ್ ಬದಲಾಗಬೇಕು, ಯಾವ ಬೀದಿಯಲ್ಲಿ ಎಷ್ಟು ಮೀಟರ್ ಕೊಳವೆ ಹಳತಾಗಿದೆ, ಬ್ಲೀಚಿಂಗ್ ಪುಡಿ ತಿಂಗಳಿಗೆ ಎಷ್ಟು ಬೇಕು ಎಂಬುದನ್ನೆಲ್ಲ ಕೈಬರಹದಲ್ಲಿ ಬಿಡಿಬಿಡಿಯಾಗಿ ಬರೆದು, ಹಿಂದಿನ ವರ್ಷದ ಬಿಲ್ಲುಗಳ ಪ್ರತಿಯನ್ನೂ ಲಗತ್ತಿಸಿದ್ದರು. ಪಕ್ಕದ ಇನ್ನೊಂದು ಇಲಾಖೆಯ ಹಾಳೆಯಲ್ಲಿ ಹೋದ ವರ್ಷದ ಮೊತ್ತಕ್ಕೆ ಕಾಲು ಭಾಗ ಸೇರಿಸಿ ಬರೆದ ಒಂದೇ ಒಂದು ಅಂಕಿ ಇತ್ತು. ಕೊನೆಗೆ ಇಬ್ಬರಿಗೂ ಶೇ 10 ಕಡಿತವಾಯಿತು. ಆ ಎರಡನೆಯ ಇಲಾಖೆಗೆ ಕಡಿತದ ನಂತರವೂ ಹೋದ ವರ್ಷಕ್ಕಿಂತ ಹೆಚ್ಚೇ ಸಿಕ್ಕಿತು. ಎಂಜಿನಿಯರ್ ಮಾತ್ರ ಬೇಸಿಗೆಯಲ್ಲಿ ಒಂದು ಪಂಪನ್ನು ರಿಪೇರಿ ಮಾಡಿಸಲಾಗದೆ ಎರಡು ವಾರ್ಡುಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸಿದರು. ಮರುವರ್ಷ ಅವರ ಬೇಡಿಕೆ ಪಟ್ಟಿ ನನ್ನ ಮೇಜಿಗೆ ಬಂದಾಗ ಅದರಲ್ಲಿ ವಿವರವೂ ಇರಲಿಲ್ಲ, ಬಿಲ್ಲುಗಳೂ ಇರಲಿಲ್ಲ. ಏಕೆಂದು ಕೇಳಿದೆ. 'ಹೋದ ವರ್ಷ ನಿಜ ಹೇಳಿದ್ದಕ್ಕೆ ದಂಡ ಕಟ್ಟಿದೆ ಸಾರ್, ಈ ವರ್ಷ ಎಲ್ಲರ ಹಾಗೆ ಬರೆದಿದ್ದೇನೆ' ಎಂದರು. ಅವರ ಮೇಲೆ ನನಗೆ ಆಗ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಒಬ್ಬ ಪ್ರಾಮಾಣಿಕ ಅಧಿಕಾರಿಯನ್ನು ಒಂದೇ ವರ್ಷದಲ್ಲಿ ಹಾಗೆ ಬದಲಿಸಿದ್ದು ಸಮಿತಿಯ ಆ ಒಂದು ಸಾಲಿನ ನಿರ್ಣಯ.

ಇಲಾಖೆಗಳು ಬೇಡಿಕೆಯನ್ನು ಉಬ್ಬಿಸಿ ಬರೆಯುತ್ತವೆ ಎಂಬ ದೂರು ಎಲ್ಲ ಕಡೆಯೂ ಇದೆ. ಆದರೆ ಉಬ್ಬಿಸುವುದನ್ನು ಕಲಿಸಿದ್ದು ಕಣ್ಣು ಮುಚ್ಚಿ ಕತ್ತರಿಸುವ ಪದ್ಧತಿಯೇ. ಕತ್ತರಿ ಬಿದ್ದೇ ಬೀಳುತ್ತದೆ ಎಂದು ಗೊತ್ತಿರುವವನು ಬಟ್ಟೆಯನ್ನು ಉದ್ದವಾಗಿಯೇ ತರುತ್ತಾನೆ. ಆದ್ದರಿಂದ ಇಲಾಖಾ ಮುಖ್ಯಸ್ಥರನ್ನು ಕಳ್ಳರಂತೆ ಕಾಣುವುದೂ ಸಲ್ಲದು, ಅವರು ಬರೆದದ್ದನ್ನೆಲ್ಲ ಒಪ್ಪುವುದೂ ಸಲ್ಲದು. ಪ್ರತಿ ಬೇಡಿಕೆಯನ್ನೂ ಅದರ ಯೋಗ್ಯತೆಯ ಮೇಲೆ ಓದಬೇಕು. ಹಾಗೆ ಓದಲು ಲೆಕ್ಕಶಾಸ್ತ್ರದ ಪದವಿ ಬೇಕಿಲ್ಲ. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಸಾಕು.

ಉದಾಹರಣೆಗೆ ಸಂಬಳದ ಶೀರ್ಷಿಕೆ, ಅಂದರೆ ಆಯವ್ಯಯದಲ್ಲಿ ಸಂಬಳಕ್ಕೆಂದೇ ಇಟ್ಟ ಬಾಬ್ತು. ಬಹುತೇಕ ಇಲಾಖೆಗಳಲ್ಲಿ ಅತಿ ದೊಡ್ಡ ಮೊತ್ತ ಇರುವುದು ಇಲ್ಲಿಯೇ; ಆದರೂ 'ಅದು ಕಾಯಂ ಖರ್ಚು, ಮುಂದಿನದಕ್ಕೆ ಹೋಗೋಣ' ಎಂದು ಅರ್ಧ ನಿಮಿಷದಲ್ಲಿ ದಾಟಿಬಿಡುವುದೂ ಇದನ್ನೇ. ಮಂಜೂರಾದ ಹುದ್ದೆಗಳು 40, ಭರ್ತಿಯಾಗಿರುವುದು 31 ಎಂದಿಟ್ಟುಕೊಳ್ಳೋಣ. ಬೇಡಿಕೆ ಬರುವುದು 40ಕ್ಕೆ. ಉಳಿದ 9 ಹುದ್ದೆಗಳ ಸಂಬಳ ವರ್ಷವಿಡೀ ಖರ್ಚಾಗದೆ ಉಳಿದು, ವರ್ಷದ ಕೊನೆಯಲ್ಲಿ ಪುನರ್ವಿನಿಯೋಗದ, ಅಂದರೆ ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವ, ಆದೇಶವೊಂದರ ಮೂಲಕ ವಾಹನ ಬಾಡಿಗೆಗೋ, ಕಚೇರಿಯ ಪೀಠೋಪಕರಣಕ್ಕೋ, ಹೊರಗುತ್ತಿಗೆಗೋ ಹೋಗುತ್ತದೆ. ಸಮಿತಿ ತಾನು ಪೌರಕಾರ್ಮಿಕರ ಸಂಬಳಕ್ಕೆ ಮಂಜೂರಾತಿ ಕೊಟ್ಟೆ ಎಂದುಕೊಂಡಿರುತ್ತದೆ, ಕೊಟ್ಟದ್ದು ಬೇರೆಯದಕ್ಕೆ. ಆ 9 ಹುದ್ದೆಗಳನ್ನು ಈ ವರ್ಷ ಯಾವ ತಿಂಗಳಲ್ಲಿ ತುಂಬುತ್ತೀರಿ ಎಂಬ ಒಂದೇ ಪ್ರಶ್ನೆ ಕೇಳಿದರೆ, ಒಂದೋ ಆ ಹಣ ಬಯಲಿಗೆ ಬರುತ್ತದೆ, ಇಲ್ಲವೇ ಆ ಹುದ್ದೆಗಳು ಕೊನೆಗೂ ಭರ್ತಿಯಾಗುತ್ತವೆ. ಎರಡೂ ಊರಿಗೆ ಒಳ್ಳೆಯದೇ.

ಇದಕ್ಕೆ ತದ್ವಿರುದ್ಧ ಸ್ಥಿತಿ ನಿರ್ವಹಣೆಯ ಶೀರ್ಷಿಕೆಯದು. ಹಣ ಕಡಿಮೆ ಬಿದ್ದಾಗಲೆಲ್ಲ ಮೊದಲ ಕತ್ತರಿ ಬೀಳುವುದು ಇಲ್ಲಿಗೆ, ಏಕೆಂದರೆ ನಿರ್ವಹಣೆಗೆ ವಕಾಲತ್ತು ವಹಿಸುವವರಿಲ್ಲ. ಹೊಸ ಉದ್ಯಾನಕ್ಕೆ ಶಂಕುಸ್ಥಾಪನೆ ಇರುತ್ತದೆ, ಹಳೆಯ ಉದ್ಯಾನದ ತುಕ್ಕು ಹಿಡಿದ ಉಯ್ಯಾಲೆಗೆ ಬಣ್ಣ ಹೊಡೆದದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಚರಂಡಿಯ ಹೂಳು ಈ ವರ್ಷ ತೆಗೆಯದಿದ್ದರೆ ಈ ವರ್ಷವೇ ಗೊತ್ತಾಗಬೇಕೆಂದಿಲ್ಲ. ರಸ್ತೆಯ ಬಿರುಕಿಗೆ ಈ ವರ್ಷ ಡಾಂಬರು ತುಂಬದಿದ್ದರೆ ರಸ್ತೆ ನಾಳೆಯೇ ಕುಸಿಯುವುದಿಲ್ಲ. ಆದರೆ ಬಿರುಕಿನಿಂದ ನೀರು ಇಳಿದು ಕೆಳಗಿನ ಪದರ ಮೆತ್ತಗಾದ ಮೇಲೆ ಮೇಲಿನ ತೇಪೆಯಿಂದ ಪ್ರಯೋಜನವಿಲ್ಲ, ಇಡೀ ರಸ್ತೆಯನ್ನು ಅಗೆದು ಹೊಸದಾಗಿ ಹಾಕಬೇಕು. ಆಗ ಅದು 'ಬಂಡವಾಳ ವೆಚ್ಚ' ಎಂಬ ದೊಡ್ಡ ಹೆಸರಿನಲ್ಲಿ, ಹಲವು ಪಟ್ಟು ಮೊತ್ತದೊಂದಿಗೆ, ಪ್ರಗತಿಯ ಲೆಕ್ಕದಲ್ಲಿ ಆಯವ್ಯಯಕ್ಕೆ ಮರಳಿ ಬರುತ್ತದೆ. ನಾನು ಸೇವೆಯಲ್ಲಿದ್ದಾಗ ಒಂದು ಇಲಾಖೆಯ ದುರಸ್ತಿ ಶೀರ್ಷಿಕೆಯಲ್ಲಿ ಸತತ ಆರು ವರ್ಷ ಒಂದೇ ಅಂಕಿ ಇತ್ತು. ಆ ಆರು ವರ್ಷಗಳಲ್ಲಿ ದೀಪದ ಕಂಬಗಳು ಹೆಚ್ಚಿದ್ದವು, ತಂತಿಯ ಬೆಲೆ ಏರಿತ್ತು, ಬಡಾವಣೆಗಳು ಬೆಳೆದಿದ್ದವು; ಅಂಕಿ ಮಾತ್ರ ಕದಲಿರಲಿಲ್ಲ. ಉಗ್ರಾಣದ ದಾಸ್ತಾನು ಪುಸ್ತಕ ತೆರೆದು ನೋಡಿದಾಗ, ಒಂದು ಬೀದಿಯ ಕೆಟ್ಟ ದೀಪದಿಂದ ಬಿಚ್ಚಿದ ಭಾಗವನ್ನು ಇನ್ನೊಂದು ಬೀದಿಯ ದೀಪಕ್ಕೆ ಜೋಡಿಸಿ ಕೆಲಸ ನಡೆಸುತ್ತಿದ್ದದ್ದು ಪುಟಪುಟದಲ್ಲೂ ದಾಖಲಾಗಿತ್ತು. ಹೆಚ್ಚಳ ಕೇಳದ ಇಲಾಖೆ ಮಿತವ್ಯಯಿ ಎಂದು ಸಮಿತಿ ಪ್ರತಿ ವರ್ಷ ಮೆಚ್ಚುಗೆ ಸೂಚಿಸಿತ್ತು. ಹೆಚ್ಚು ಕೇಳಿದವರನ್ನು ಪ್ರಶ್ನಿಸಿದಷ್ಟೇ ಗಂಭೀರವಾಗಿ, ಏನನ್ನೂ ಹೆಚ್ಚಿಗೆ ಕೇಳದವರನ್ನೂ ಪ್ರಶ್ನಿಸಬೇಕು ಎಂಬುದು ನನಗೆ ಅಂದು ತಿಳಿಯಿತು.

ಹೊಸ ಖರೀದಿಗಳ ವಿಷಯದಲ್ಲಿ ಕೇಳಬೇಕಾದ್ದು ಬೆಲೆಯಷ್ಟೇ ಅಲ್ಲ. ಚರಂಡಿ ಶುಚಿಗೊಳಿಸುವ ಯಂತ್ರ ಬೇಕೆಂದರೆ ಅದಕ್ಕೆ ಚಾಲಕ ಯಾರು, ಇಂಧನ, ವಿಮೆ, ಬಿಡಿಭಾಗಗಳ ಹಣ ಯಾವ ಶೀರ್ಷಿಕೆಯಲ್ಲಿದೆ ಎಂಬುದೂ ಅದೇ ಹಾಳೆಯಲ್ಲಿರಬೇಕು. ಯಂತ್ರ ಬಂದು ಚಾಲಕನಿಲ್ಲದೆ ತಾಡಪಾಲು ಹೊದ್ದು ನಿಂತ ಆವರಣಗಳನ್ನು ತಮ್ಮ ಓದುಗರೂ ನೋಡಿರುತ್ತಾರೆ. ಹಾಗೆಯೇ ಆಸ್ತಿ ಮಾರಾಟದಿಂದಲೋ ವಿಶೇಷ ಅನುದಾನದಿಂದಲೋ ಒಮ್ಮೆ ಮಾತ್ರ ಬರುವ ಹಣವನ್ನು ನಂಬಿ ಪ್ರತಿ ವರ್ಷವೂ ಬೀಳುವ ಖರ್ಚನ್ನು ಮೈಮೇಲೆ ಎಳೆದುಕೊಳ್ಳುವ ಬೇಡಿಕೆಗಳಿಗೆ, ಅವು ಎಷ್ಟೇ ಜನಪ್ರಿಯವಾಗಿದ್ದರೂ, ಅಲ್ಲಿಯೇ ತಡೆ ಹಾಕಬೇಕು.

ವರ್ಷದ ಕೊನೆಯ ದಿನಗಳ ಖರ್ಚಿನ ಧಾವಂತಕ್ಕೂ ಬೇಡಿಕೆಯ ಪರಿಶೀಲನೆಗೂ ನೇರ ಸಂಬಂಧವಿದೆ. ಹಣ ಉಳಿಸಿದರೆ ಉಳಿದದ್ದು ವಾಪಸು ಹೋಗುತ್ತದೆ, ಅಷ್ಟೇ ಅಲ್ಲ, 'ಹೋದ ವರ್ಷವೇ ಖರ್ಚು ಮಾಡಲಿಲ್ಲವಲ್ಲ' ಎಂದು ಮುಂದಿನ ವರ್ಷದ ಬೇಡಿಕೆಗೂ ಕತ್ತರಿ ಬೀಳುತ್ತದೆ. ಹಾಗಾಗಿ ಏನಾದರೊಂದು ಕೊಂಡು ಮುಗಿಸುವುದೇ ಜಾಣತನ ಎಂದು ಇಲಾಖೆಗಳು ಭಾವಿಸುತ್ತವೆ. ಇದು ಯಾವುದೋ ಒಂದು ಊರಿನ ರೋಗವಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ಖರೀದಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಜೆಫ್ರಿ ಲೀಬ್‌ಮನ್ ಮತ್ತು ನೀಲ್ ಮಹೋನಿ, ಹಣಕಾಸು ವರ್ಷದ ಕೊನೆಯ ವಾರದ ಖರೀದಿ ಉಳಿದ ವಾರಗಳ ಸರಾಸರಿಯ ಸುಮಾರು 5 ಪಟ್ಟು ಇತ್ತೆಂದೂ, ಆ ಅವಸರದಲ್ಲಿ ಕೈಗೊಂಡ ಮಾಹಿತಿ ತಂತ್ರಜ್ಞಾನ ಯೋಜನೆಗಳ ಗುಣಮಟ್ಟ ಇತರ ಸಮಯದ ಯೋಜನೆಗಳಿಗಿಂತ ಕಡಿಮೆಯಿತ್ತೆಂದೂ ತೋರಿಸಿದ್ದಾರೆ. ಅಷ್ಟು ದೊಡ್ಡ ಆಡಳಿತದ ಗತಿ ಇದಾದರೆ ಸಣ್ಣ ಊರಿನ ಇಲಾಖೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಸಮಿತಿ ಮಾಡಬಹುದಾದ್ದು ಇಷ್ಟು: ಉಳಿಸಿದ್ದಕ್ಕೆ ಕಾರಣ ಕೇಳಿ, ಕೆಲಸ ಚೆನ್ನಾಗಿ ಮುಗಿದೂ ಹಣ ಉಳಿದಿದ್ದರೆ ಅದರ ಒಂದು ಭಾಗವನ್ನು ಅದೇ ಇಲಾಖೆಯ ಮುಂದಿನ ವರ್ಷದ ನಿರ್ವಹಣೆಗೆ ಬಿಟ್ಟುಕೊಡುವುದು; ಬೇಡಿಕೆ ಪಟ್ಟಿಯ ಜತೆಯಲ್ಲೇ ಖರ್ಚಿನ ತಿಂಗಳುವಾರು ವಿವರವನ್ನು ತರಿಸಿ, ಕೊನೆಯ ತಿಂಗಳ ಅಂಕಿ ಒಮ್ಮೆಲೇ ಮೇಲೆ ಜಿಗಿದಿದ್ದರೆ ಆ ಬಿಲ್ಲುಗಳನ್ನು ಬಿಡಿಸಿ ನೋಡುವುದು.

ಹಾಗಾದರೆ ಪ್ರತಿ ವರ್ಷ ಪ್ರತಿ ಖರ್ಚನ್ನೂ ಬುಡದಿಂದ ಪ್ರಶ್ನಿಸಬೇಕೇ ಎಂದು ಯಾರಾದರೂ ಕೇಳಬಹುದು. ಅದನ್ನೂ ಜಗತ್ತು ಮಾಡಿ ನೋಡಿದೆ. ಪೀಟರ್ ಪೈರ್ ಅವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ರೂಪಿಸಿ, 1970ರಲ್ಲಿ ಲೇಖನದ ಮೂಲಕ ಪ್ರಚುರಪಡಿಸಿದ ಶೂನ್ಯಾಧಾರಿತ ಆಯವ್ಯಯ ಪದ್ಧತಿಯನ್ನು ಜಿಮ್ಮಿ ಕಾರ್ಟರ್ ಮೊದಲು ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಆಗಿದ್ದಾಗಲೂ, ಬಳಿಕ 1977ರಲ್ಲಿ ಅಧ್ಯಕ್ಷರಾದಾಗ ಇಡೀ ಒಕ್ಕೂಟ ಸರ್ಕಾರದಲ್ಲೂ ಜಾರಿಗೆ ತಂದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಇಲಾಖೆಗಳಿಂದ ಬಂದ ಸಾವಿರಾರು ಪ್ರಸ್ತಾವಗಳ ಕಡತಗಳನ್ನು ಓದಿ ಮುಗಿಸಲು ಯಾರಿಂದಲೂ ಆಗುವಂತಿರಲಿಲ್ಲ. 1981ರಲ್ಲಿ ರೇಗನ್ ಆಡಳಿತ ಅದನ್ನು ಕೈಬಿಟ್ಟಿತು. ಇದರಿಂದ ನಾನು ತಿಳಿದುಕೊಂಡದ್ದೆಂದರೆ, ಎಲ್ಲವನ್ನೂ ಒಂದೇ ವರ್ಷ ಬುಡಮಟ್ಟ ನೋಡಹೊರಟರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಊರಿನಲ್ಲಿ ಹತ್ತು ಇಲಾಖೆಗಳಿದ್ದರೆ ವರ್ಷಕ್ಕೆ ಎರಡನ್ನು ಮಾತ್ರ ಆರಿಸಿಕೊಂಡು, ಅವುಗಳ ಪ್ರತಿ ಶೀರ್ಷಿಕೆಯನ್ನೂ ಮೊದಲ ಪೈಸೆಯಿಂದ ಪ್ರಶ್ನಿಸಿ, ಉಳಿದ ಎಂಟನ್ನು ಹೆಚ್ಚಳ ಮತ್ತು ವಾಸ್ತವ ವೆಚ್ಚದ ಹೋಲಿಕೆಯಿಂದ ಪರಿಶೀಲಿಸಿದರೆ ಐದು ವರ್ಷಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಇಷ್ಟನ್ನು ಯಾವ ಸಮಿತಿಯೂ ನಿಭಾಯಿಸಬಲ್ಲದು, ಕಾಗದಪತ್ರಗಳನ್ನು ಸಭೆಯ ಬೆಳಿಗ್ಗೆ ಹಂಚದೆ ಒಂದು ವಾರ ಮುಂಚೆಯೇ ಸದಸ್ಯರ ಮನೆಗೆ ತಲುಪಿಸಿದರೆ.

ಇಲಾಖೆಯವರನ್ನೇ ಆದ್ಯತೆ ಕೇಳುವ ಒಂದು ರೂಢಿಯೂ ಇದೆ: 'ನಿಮಗೆ ಶೇ 5 ಕಡಿಮೆ ಕೊಟ್ಟರೆ ಯಾವುದನ್ನು ಬಿಡುತ್ತೀರಿ?' ಎಂಬ ಪ್ರಶ್ನೆ. ಇದು ಉಪಯುಕ್ತವೇ. ಆದರೆ ಜನ ಅತಿ ಹೆಚ್ಚು ಬಳಸುವ ಸೇವೆಯನ್ನೇ, ಉದಾಹರಣೆಗೆ ಗ್ರಂಥಾಲಯದ ಸಂಜೆಯ ಸಮಯವನ್ನೇ, 'ಬಿಡುತ್ತೇವೆ' ಎಂದು ಮುಂದೊಡ್ಡಿ ಸಮಿತಿಯನ್ನು ಹೆದರಿಸುವ ಇಲಾಖೆಗಳು ಎಲ್ಲ ದೇಶಗಳಲ್ಲೂ ಇವೆ. ಬಿಡುವುದಾಗಿ ಹೇಳಿದ್ದರ ಜತೆಗೆ, ಬಿಡದೆ ಉಳಿಸಿಕೊಂಡದ್ದರ ಪಟ್ಟಿಯನ್ನೂ ಕೇಳಿದರೆ ಆ ಆಟ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಇದೇ ಹಣವನ್ನು ನೀರಿನ ಕೊಳವೆಗೆ ಕೊಡುವ ಬದಲು ಮಕ್ಕಳ ಗ್ರಂಥಾಲಯಕ್ಕೆ ಏಕೆ ಕೊಡಬೇಕು? ರಾಜ್ಯಶಾಸ್ತ್ರಜ್ಞ ವಿ.ಒ. ಕೀ ಅವರು 1940ರಲ್ಲೇ ಈ ಪ್ರಶ್ನೆಯನ್ನು ಎತ್ತಿ, ಇದಕ್ಕೆ ಆಯವ್ಯಯದ ಶಾಸ್ತ್ರದಲ್ಲಿ ಉತ್ತರವಿಲ್ಲ ಎಂದು ತೋರಿಸಿಕೊಟ್ಟಿದ್ದರು. ಉತ್ತರ ಯಾವ ಸೂತ್ರದಿಂದಲೂ ಹುಟ್ಟುವುದಿಲ್ಲವಾದ್ದರಿಂದಲೇ, ಆರಿಸಿ ಬಂದವರು ಯೋಚಿಸಿ ತೀರ್ಮಾನಿಸಬೇಕು, ತೀರ್ಮಾನದ ಕಾರಣವನ್ನು ಜನರಿಗೆ ಹೇಳಬೇಕು. ಕಾರಣ ಹೇಳಬೇಕಾಗುತ್ತದೆ ಎಂದು ಗೊತ್ತಿದ್ದರೆ 'ಎಲ್ಲರಿಗೂ ಶೇ 10' ಎಂಬ ಮಾತು ಯಾರ ಬಾಯಿಂದಲೂ ಅಷ್ಟು ಸುಲಭವಾಗಿ ಹೊರಡುವುದಿಲ್ಲ.

ಜನರಿಗೆ ಹೇಳುವುದು ಹೊಸ ಕಲ್ಪನೆಯಲ್ಲ. ನ್ಯೂಯಾರ್ಕ್ ನಗರದಲ್ಲಿ 1908ರಲ್ಲೇ ಆಯವ್ಯಯದ ಪ್ರದರ್ಶನವೊಂದನ್ನು ಏರ್ಪಡಿಸಿ, ನಗರದ ಹಣ ಹೇಗೆ ಖರ್ಚಾಗುತ್ತಿದೆ ಎಂಬುದನ್ನು ಸಾಮಾನ್ಯ ಜನರ ಕಣ್ಣಿಗೆ ಕಾಣುವಂತೆ ಮಾಡಿದ್ದರು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಿಂದ ಇನ್ನೂ ಮುಂದೆ ಹೋಗಿ, ಬಡಾವಣೆಗಳ ಸಭೆಗಳಲ್ಲಿ ಜನರೇ ಆದ್ಯತೆಗಳನ್ನು ಚರ್ಚಿಸಿ ತಿಳಿಸುವ ಕ್ರಮವನ್ನು ಆರಂಭಿಸಿತು. ಆ ಕ್ರಮ ಬಳಿಕ ಬೇರೆ ಬೇರೆ ದೇಶಗಳ ನಗರಗಳಿಗೂ ಹರಡಿತು. ಅಷ್ಟು ದೂರ ಹೋಗಲು ಸಿದ್ಧವಿಲ್ಲದ ಊರೂ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸಿ ಪತ್ರ ಮುಗಿಸುತ್ತೇನೆ.

ಅಚ್ಚಾಗಿ ಹೊರಬರುವ ಆಯವ್ಯಯ ಪುಸ್ತಕದಲ್ಲಿ ಈಗ ಕಾಣುವುದು ಮಂಜೂರಾದ ಮೊತ್ತ ಮಾತ್ರ. ಇಲಾಖೆ ಎಷ್ಟು ಕೇಳಿತ್ತು ಎಂಬುದು ಕಡತದಲ್ಲೇ ಉಳಿದುಹೋಗುತ್ತದೆ. ಆ ಪುಸ್ತಕಕ್ಕೆ ಇನ್ನೆರಡು ಅಂಕಣ ಸೇರಲಿ: 'ಇಲಾಖೆ ಕೇಳಿದ್ದು' ಎಂಬುದೊಂದು, ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ವ್ಯತ್ಯಾಸವಿದ್ದಲ್ಲಿ 'ಕಾರಣ' ಎಂಬುದಿನ್ನೊಂದು. ಕಾರಣ ಒಂದು ಸಾಲಿನದ್ದಾದರೂ ಸಾಕು. 'ಖಾಲಿ ಹುದ್ದೆಗಳ ಸಂಬಳ ಕಳೆಯಲಾಗಿದೆ', 'ಪಂಪಿನ ದುರಸ್ತಿ ಮುಂದೂಡಲಾಗಿದೆ' ಎಂದು ಅಲ್ಲಿ ಬರೆದಿದ್ದರೆ, ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ನಾಗರಿಕರು ಎಂಜಿನಿಯರ್ ಕಚೇರಿಯ ಬಾಗಿಲು ಬಡಿಯಬೇಕೋ ಸಮಿತಿಯ ಬಾಗಿಲು ಬಡಿಯಬೇಕೋ ಎಂಬುದು ಅವರಿಗೆ ತಿಳಿದಿರುತ್ತದೆ. ಈ ಎರಡು ಅಂಕಣಗಳಿಗೆ ತಗಲುವುದು ಕೆಲವು ಪುಟಗಳ ಹೆಚ್ಚುವರಿ ಮುದ್ರಣ. ಆಯವ್ಯಯದ ವರದಿ ಬರೆಯುವ ತಮ್ಮ ಪ್ರತಿನಿಧಿಗಳು ಈ ಬಾರಿ ಒಟ್ಟು ಗಾತ್ರದ ಜತೆಗೆ ಈ ಎರಡು ವಿವರಗಳನ್ನೂ ಕೇಳಿ ಪಡೆದು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಪತ್ರ ಅಧಿಕಾರಿ